ಎರಡು ಟಿಬಿ ಡಬ್ಬಿ, ಸಂತಪುರದ ಹದಿನಾಲ್ಕು ದನಿ

2023ರ ಬೇಸಿಗೆಯಲ್ಲಿ ನಾನು ಬೀದರಿನ ಹಳೇ ಶಹರದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೆ. ಈಗಲೂ ಅದೇ ಅಂಗಡಿ, ಅದೇ ಕುರ್ಚಿ. ಫ್ಯಾನ್ ಮಾತ್ರ ಬದಲಾಗಿದೆ. ಅದಕ್ಕೂ ಮುಂಚೆ ಬೀದರಿನದೇ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮೆಂಟೆನನ್ಸ್ ವಿಭಾಗದಲ್ಲಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಹೆಂಗಸು ಆ ವಿಭಾಗದಲ್ಲಿ ನಾನೊಬ್ಬಳೇ. ಅಂಗಡಿ ತೆರೆದ ಮೇಲೂ ಗಿರಾಕಿಗಳು ಬಂದು, ನನ್ನನ್ನು ನೋಡಿ, ನನ್ನ ಬೆನ್ನ ಹಿಂದಿನ ಬಾಗಿಲನ್ನು ನೋಡಿ, ರಿಪೇರಿ ಮಾಡೋರು ಎಷ್ಟೊತ್ತಿಗೆ ಬರ್ತಾರ ಎಂದು ಕೇಳುತ್ತಿದ್ದರು. ಬಂದಾರ, ಕೂಡ್ರಿ ಎಂದು ಹೇಳಿ ನಾನೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲವೇ ಎಂದು ಕೇಳಿದರೆ, ಬರುತ್ತಿತ್ತು.

ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು ಸತ್ತ ಡಿಸ್ಕುಗಳಿಂದ ಜನರ ಫೋಟೊ, ವಿಡಿಯೊ, ಲೆಕ್ಕಪತ್ರ ಹೊರಗೆ ತೆಗೆಯುವುದು. ಬಂದವರೆಲ್ಲ ಹೇಳುವ ಮೊದಲ ಮಾತು ಒಂದೇ: ನಾನೇನೂ ಮಾಡಿಲ್ಲ, ತಾನೇ ಹಿಂಗಾಯ್ತು. ನಾನು ತಲೆ ಅಲ್ಲಾಡಿಸಿ ನಂಬಿದಂತೆ ಮಾಡುತ್ತೇನೆ. ಇಷ್ಟು ವರ್ಷಗಳಲ್ಲಿ ನೂರಾರು ಡಿಸ್ಕು ಕೈ ದಾಟಿಹೋಗಿವೆ, ಅವುಗಳ ಮಾಲೀಕರ ಮುಖವೂ ನೆನಪಿಲ್ಲ. ಆದರೆ ಸುಜಾತಾ ಟೀಚರ್ ತಂದ ಡಿಸ್ಕು ಮಾತ್ರ ಮರೆತಿಲ್ಲ, ಯಾಕೆಂದರೆ ಆವತ್ತು ಅವರು ತಂದ ತಕರಾರು ಒಂದು, ಡಬ್ಬಿಯೊಳಗೆ ಸಿಕ್ಕಿದ್ದು ಇನ್ನೊಂದು.

ಸುಜಾತಾ ಔರಾದ್ ತಾಲ್ಲೂಕಿನ ಸಂತಪುರದವರು. ಔರಾದಿನ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿ ವರ್ಷವಾಗಿತ್ತು. ಬಿಳಿ ಸೀರೆ, ನೀಲಿ ಅಂಚು, ಹೆಗಲಿಗೆ ಬಟ್ಟೆ ಚೀಲ. ಒಳಗೆ ಬಂದವರು ಬೆನ್ನ ಹಿಂದಿನ ಬಾಗಿಲು ನೋಡಲಿಲ್ಲ, ನೇರ ನನ್ನ ಮುಂದೆಯೇ ಕೂತರು. ಅಷ್ಟಕ್ಕೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಚೀಲದಿಂದ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ತೆಗೆದು ಟೇಬಲ್ ಮೇಲಿಟ್ಟರು. ಮೇಲೆ ಬೆಳ್ಳಿ ಬಣ್ಣದಲ್ಲಿ, ಪೋರ್ಟಬಲ್ ಹಾರ್ಡ್ ಡಿಸ್ಕ್, ಎರಡು ಟಿಬಿ ಎಂದು ಬರೆದಿತ್ತು. ಫೋನಿನಲ್ಲಿ ಬಂದ ಜಾಹೀರಾತು ನೋಡಿ ತರಿಸಿದ್ದಂತೆ.

"ನೋಡ್ರಿ ಮ್ಯಾಡಂ, ಮ್ಯಾಲ ಎರಡು ಅಂತ ಬರದಾರ. ಕಂಪ್ಯೂಟರಿಗೆ ಹಚ್ಚಿದ್ರ ಒಂದು ಪಾಯಿಂಟ್ ಎಂಟು ಒಂದು ತೋರಸ್ತದ," ಎಂದರು. "ಉಳಿದಿದ್ದು ಯಾರು ನುಂಗ್ಯಾರ್ರಿ? ಸಾಲ್ಯಾಗ ಮಕ್ಕಳಿಗೆ ಲೆಕ್ಕ ಕಲಿಸಿದಾಕಿ ನಾನು. ನನಗೇ ಮೋಸ ಮಾಡ್ತಾರಂದ್ರ."

ನನಗೆ ನಗು ಬಂತು. ಇದು ತಿಂಗಳಿಗೊಮ್ಮೆಯಾದರೂ ಯಾರಾದರೂ ತರುವ ತಕರಾರು. ಮೋಸವಲ್ಲ ಟೀಚರ್, ಇದು ಎರಡು ಅಳತೆಗಳ ನಡುವಿನ ಜಗಳ ಎಂದೆ. ಓದುಗರಲ್ಲೂ ಯಾರಿಗಾದರೂ ಈ ಸಂಶಯ ಇದ್ದೀತು, ಆದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ಬೈಟ್ ಅಂದರೆ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುವಷ್ಟು ಜಾಗ. ಡಿಸ್ಕು ತಯಾರಿಸುವವರು ನಮ್ಮ ಹಾಗೆ ಹತ್ತರ ಲೆಕ್ಕ ಹಿಡಿಯುತ್ತಾರೆ: ಸಾವಿರ ಬೈಟ್ ಒಂದು ಕೆಬಿ, ಸಾವಿರ ಕೆಬಿ ಒಂದು ಎಂಬಿ, ಸಾವಿರ ಎಂಬಿ ಒಂದು ಜಿಬಿ, ಸಾವಿರ ಜಿಬಿ ಒಂದು ಟಿಬಿ. ಎರಡು ಟಿಬಿ ಎಂದರೆ ಅವರ ಲೆಕ್ಕದಲ್ಲಿ ಎರಡು ಲಕ್ಷ ಕೋಟಿ ಬೈಟ್. ನಮ್ಮ ಅಂಗಡಿ-ಮನೆಗಳಲ್ಲಿರುವ ಹೆಚ್ಚಿನ ಕಂಪ್ಯೂಟರುಗಳು ಎರಡರ ಲೆಕ್ಕದವು. ಹತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 1024 ಬರುತ್ತದೆ, ಅದಕ್ಕೇ ಅವು 1024 ಬೈಟಿಗೆ ಒಂದು ಕೆಬಿ ಎನ್ನುತ್ತವೆ, ಮುಂದಿನ ಪ್ರತಿ ಮೆಟ್ಟಿಲಿಗೂ 1024. ಕೆಬಿಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮೆಟ್ಟಿಲು ಏರಿದಂತೆ ಹಿಗ್ಗುತ್ತ ಹೋಗಿ ಟಿಬಿಗೆ ಬರುವ ಹೊತ್ತಿಗೆ ನೂರಕ್ಕೆ ಒಂಬತ್ತರಷ್ಟಾಗುತ್ತದೆ. ಎರಡು ಲಕ್ಷ ಕೋಟಿಯನ್ನು 1024ರಿಂದ ನಾಲ್ಕು ಸಲ ಭಾಗಿಸಿದರೆ 1.819 ಬರುತ್ತದೆ. ಕಂಪ್ಯೂಟರ್ ಕೊನೆಯ ಅಂಕಿ ಕತ್ತರಿಸಿ 1.81 ಎಂದು ತೋರಿಸುತ್ತದೆ.

ನಮ್ಮ ಅಜ್ಜಿಯ ಮನೆಯಲ್ಲಿ ಎರಡು ಸೇರು ಇದ್ದವು. ಒಂದು ಗಡಿಯಾಚೆಯ ಅವಳ ತವರಿನಿಂದ ಬಂದದ್ದು, ಇನ್ನೊಂದು ಗಂಡನ ಮನೆಯದು. ತವರಿನದು ಚೂರು ದೊಡ್ಡದು. ಜೋಳದ ರಾಶಿ ಒಂದೇ, ಯಾವ ಸೇರಿನಿಂದ ಅಳೆದರು ಅನ್ನುವುದರ ಮೇಲೆ ಲೆಕ್ಕ ಹೆಚ್ಚು ಕಡಿಮೆ ಆಗುತ್ತಿತ್ತು, ಅಜ್ಜ-ಅಜ್ಜಿಗೆ ಜಗಳವೂ ಆಗುತ್ತಿತ್ತು. ಈ ಉದಾಹರಣೆ ಹೇಳಿದ ಕೂಡಲೇ ಟೀಚರ್ ನಕ್ಕರು. ಸುಮ್ಮನೆ ಬೈದೆನಲ್ಲ ಡಿಸ್ಕು ಮಾಡಿದವರನ್ನು ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ತಕರಾರು ಮುಗಿಯಿತು ಎಂದು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದರು.

ಅಷ್ಟರಲ್ಲಿ ನಾನು ಸುಮ್ಮನೆ ಅಭ್ಯಾಸಬಲದಿಂದ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ ಕಿವಿಗೆ ಹಿಡಿದಿದ್ದೆ. ಹಾರ್ಡ್ ಡಿಸ್ಕ್ ಎಂದರೆ ಒಳಗೆ ತಟ್ಟೆ ತಿರುಗುತ್ತದೆ. ಕಿವಿಗೆ ಹಿಡಿದರೆ ಸಣ್ಣಗೆ ಗುಂಯ್ ಎನ್ನುತ್ತದೆ, ಅಂಗೈಗೆ ನಡುಕ ತಿಳಿಯುತ್ತದೆ. ಇದು ಕಲ್ಲಿನಂತೆ ಸುಮ್ಮನಿತ್ತು. ತಟ್ಟೆ ಇಲ್ಲದ, ಎಲೆಕ್ಟ್ರಾನಿಕ್ ಚಿಪ್ಪಿನಿಂದಲೇ ನಡೆಯುವ ಡಿಸ್ಕುಗಳೂ ಇವೆ, ಅವು ಸಪ್ಪಳ ಮಾಡುವುದಿಲ್ಲ. ಆದರೆ ಅವು ಹಗುರ. ಇದು ಭಾರವಿತ್ತು, ಅದೂ ಒಂದೇ ಮಗ್ಗುಲಿಗೆ. ನನಗೆ ಸರಿ ಕಾಣಲಿಲ್ಲ. ಇದರಲ್ಲಿ ಏನು ತುಂಬಿದ್ದೀರಿ ಎಂದು ಕೇಳಿದೆ.

ಅವರು ತುಂಬಿದ್ದು ಹಾಡುಗಳನ್ನು. ಸಂತಪುರದ ಅವರ ಓಣಿಯ ಹೆಂಗಸರು ಜೋಳ ಬೀಸುವಾಗ ಹಾಡುತ್ತಿದ್ದ ಹಾಡುಗಳು, ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ತೊಟ್ಟಿಲಲ್ಲಿಯ ಕೂಸು, ತವರಿನಿಂದ ಬರುವ ಅಣ್ಣ, ಹಂಚಿಕೊಂಡು ಉಂಡ ರೊಟ್ಟಿ, ಮೊದಲ ಸಲ ಸಾಲಿಗೆ ಹೋದ ಮಗಳು, ಎಲ್ಲ ಅದರಲ್ಲಿವೆ. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು, ಬೀಸುಕಲ್ಲು ಅಂಗಳದ ಮೂಲೆ ಸೇರಿದವು. ಹಾಡು ಮಾತ್ರ ಮದುವೆ, ತೊಟ್ಟಿಲು, ಜಯಂತಿ ಎಂದು ನೆವ ಹುಡುಕಿಕೊಂಡು ಉಳಿದಿತ್ತು. ಐದು ವರ್ಷ ಸುಜಾತಾ ತಮ್ಮ ಫೋನಿನಲ್ಲಿ ಹದಿನಾಲ್ಕು ಹೆಂಗಸರ ಹಾಡನ್ನು ವಿಡಿಯೊ ಮಾಡಿದ್ದರು. ಫೋನ್ ತುಂಬಿದಾಗೆಲ್ಲ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ನಿವೃತ್ತಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಈ ಡಬ್ಬಿಗೆ ಹಾಕಿ, ಫೋನನ್ನೂ ಕಂಪ್ಯೂಟರನ್ನೂ ಸ್ವಚ್ಛ ಮಾಡಿದ್ದರು. ಹಾಡುಗಳು ಇನ್ನೆಲ್ಲೂ ಇರಲಿಲ್ಲ.

ಹಾಡು ತೋರಿಸಲು ಅವರಿಗೇ ಆತುರ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಮಾಡಿದ್ದರು, ಮೊದಲನೆಯದನ್ನು ತೆರೆದರು. ತೆಳ್ಳನೆಯ, ಸುಕ್ಕು ಮುಖದ ಅಜ್ಜಿಯೊಬ್ಬಳು ಬೀಸುಕಲ್ಲಿನ ಗೂಟ ಹಿಡಿದು ಹಾಡತೊಡಗಿದಳು. ದನಿ ಒರಟು, ಆದರೆ ಎಳೆದಷ್ಟೂ ಹರಿಯದ ದನಿ. ಇವರು ನಮ್ಮತ್ತಿ, ಸೋನಾಬಾಯಿ ಎಂದು ಸುಜಾತಾ ಹೇಳಿದರು. ಹೋದ ವರ್ಷ ಗಂಟಲಿನ ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಸ್ಲೇಟಿನ ಮೇಲೆ ಬರೆಯೋಣವೆಂದರೆ ಅಕ್ಷರ ಬಾರದು, ಈಗ ಕೈಸನ್ನೆಯಲ್ಲೇ ಎಲ್ಲ. ಮಧ್ಯಾಹ್ನ ಊಟವಾದ ಮೇಲೆ ತಮ್ಮದೇ ಹಾಡು ಹಚ್ಚಿ ಎಂದು ಸೊಸೆಗೆ ಸನ್ನೆ ಮಾಡುತ್ತಾರಂತೆ.

"ಛಲೋ ಅದ ಟೀಚರ್. ಈಗ ಕೊನೀದು ಹಚ್ರಿ," ಎಂದೆ.

ಅವರು ಹದಿನಾಲ್ಕನೆಯ ಫೋಲ್ಡರ್ ಒತ್ತಿದರು. ಖಾಲಿ. ಹದಿಮೂರನೆಯದು, ಖಾಲಿ. ಹನ್ನೆರಡು, ಹನ್ನೊಂದು, ಹತ್ತು, ಎಲ್ಲಕ್ಕೂ ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ. ಒಂಬತ್ತನೆಯದರಲ್ಲಿ ಆರು ಹಾಡಿನ ಹೆಸರು ಕಂಡವು; ಮೊದಲೆರಡು ಹಾಡಿದವು, ಮೂರನೆಯದರಿಂದ ಕಪ್ಪು ಪರದೆ. ಟೀಚರ್ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಹಾಕಿದ ದಿನ ನೋಡಿದ್ದೆ, ಅತ್ತೆಯವರ ಹಾಡು ಬರೋಬರಿ ಬಂದಿತ್ತು ಎಂದು ಎರಡು ಸಲ ಹೇಳಿದರು. ಮೊದಲನೆಯದನ್ನು ನೋಡಿದ್ದರು, ಕೊನೆಯದನ್ನು ನೋಡಿರಲಿಲ್ಲ.

ಆಗ ಪರದೆಯ ಮೇಲೆ, ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಕಂಪ್ಯೂಟರ್ ಕೇಳಿತು. ಬಡಪಾಯಿ ಜನ ಇಲ್ಲೇ ಹಾಳಾಗುತ್ತಾರೆ. ಸರಿಪಡಿಸು ಎಂದರೆ ಅದು ಡಿಸ್ಕಿನ ಮೇಲೆ ಏನನ್ನೋ ಹೊಸದಾಗಿ ಬರೆಯುತ್ತದೆ, ಉಳಿದದ್ದನ್ನೂ ಅಳಿಸಿಬಿಡಬಹುದು. ನಾನು ಬೇಡ ಎಂದು ಒತ್ತಿ ಡಬ್ಬಿಯನ್ನು ಕಿತ್ತೆ. ನಮ್ಮ ಕೆಲಸದಲ್ಲಿ ಗೊತ್ತಿಲ್ಲದ ಡಿಸ್ಕಿನಿಂದ ಓದಬಹುದು, ಅದರ ಮೇಲೆ ಬರೆಯಬಾರದು. ಬೇರೊಂದು ಕಂಪ್ಯೂಟರಿಗೆ, ಬರೆಯುವ ದಾರಿಯನ್ನೇ ಮುಚ್ಚಿ, ಓದುವುದಕ್ಕಷ್ಟೇ ಜೋಡಿಸಿದೆ.

ನನ್ನ ಸಂಶಯ ಇಷ್ಟು. ಇಂಥ ನಕಲಿ ಡಬ್ಬಿಗಳ ಒಳಗೆ ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ಅದನ್ನು ನಡೆಸುವ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ: ಕೇಳಿದವರಿಗೆ ನಾನು ಎರಡು ಟಿಬಿ ಎನ್ನು ಅಂತ. ಕಂಪ್ಯೂಟರ್ ನಂಬುತ್ತದೆ, ಬರೆಯುತ್ತಲೇ ಹೋಗುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದನ್ನೆಲ್ಲ ಅದು ಸಿಕ್ಕಿತು, ಇಟ್ಟುಕೊಂಡೆ ಎನ್ನುತ್ತ ಗಾಳಿಗೆ ತೂರುತ್ತದೆ. ಯಾವ ದೂರೂ ಬರುವುದಿಲ್ಲ. ನಿಜವಾದ ಸಾಮರ್ಥ್ಯ ಕಂಡುಹಿಡಿಯಲು ಸುಲಭದ ಪರೀಕ್ಷೆ ಇದೆ. ಡಿಸ್ಕು ತುಂಬ ಗುರುತು ಹಾಕಿದ ತುಂಡುಗಳನ್ನು ಬರೆದು, ತಿರುಗಿ ಓದಿ, ಎಷ್ಟು ಮರಳಿ ಬಂತು ನೋಡುವುದು. ಆದರೆ ಹಾಗೆ ಮಾಡಿದರೆ ಸೋನಾಬಾಯಿ ಅಳಿಸಿಹೋಗುತ್ತಾರೆ. ಬರೆಯದೆ, ಬರೀ ಓದಿ ಎಲ್ಲೆ ಹುಡುಕಬೇಕಿತ್ತು.

ಟೀಚರ್ ತುಂಬಿದ್ದು ಡಿಸ್ಕು ಮಾರುವವರ ಲೆಕ್ಕದಲ್ಲಿ ಸುಮಾರು 150 ಜಿಬಿ. ಅದರಾಚೆ ಖಾಲಿ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಅವರು ಅಲ್ಲಿಯವರೆಗೆ ಹೋಗಿಯೇ ಇಲ್ಲ. ಆದ್ದರಿಂದ 125ರಲ್ಲಿ ಇಣುಕಿದೆ. ಹಾಡು ಇರಬೇಕಾದ ಜಾಗ. ಬರೀ ಸೊನ್ನೆಗಳ ಸಾಲು. ಅದರರ್ಧ ಅರವತ್ತೆರಡೂವರೆ, ಅಲ್ಲೂ ಸೊನ್ನೆ. ಅದರರ್ಧ ಮೂವತ್ತೊಂದು ಚಿಲ್ಲರೆ. ಅಲ್ಲಿ ಅಂಕಿಗಳು ಗಿಜಿಗುಟ್ಟುತ್ತಿದ್ದವು, ಅಂದರೆ ವಿಡಿಯೊ ಇದೆ. ಎಲ್ಲೆ ಮೂವತ್ತೊಂದಕ್ಕೂ ಅರವತ್ತೆರಡೂವರೆಗೂ ನಡುವೆ ಎಂದಾಯಿತು. ಮತ್ತೆ ನಡುವಿನದು ನೋಡಿದೆ, ಅದರ ನಡುವಿನದು, ಅದರ ನಡುವಿನದು. ಪ್ರತಿ ಸಲ ಅರ್ಧ ಜಾಗ ಲೆಕ್ಕದಿಂದ ಕಳಚುತ್ತಿತ್ತು. ಕೊನೆಗೆ 62.3ರ ಹತ್ತಿರ ಅಂಕಿಗಳು ನಿಂತು ಸೊನ್ನೆಗಳು ಶುರುವಾದ ಗೆರೆ ಸಿಕ್ಕಿತು. ಕಂಪ್ಯೂಟರಿನ ಲೆಕ್ಕಕ್ಕೆ ತಂದರೆ 58 ಜಿಬಿ. ಮೇಲೆ ಬರೆದದ್ದರ ಮೂವತ್ತೆರಡನೆಯ ಒಂದು ಪಾಲು.

ಅವರು ದೂರು ತಂದ ಕೊರತೆ ಕೊರತೆಯೇ ಆಗಿರಲಿಲ್ಲ. ನಿಜವಾದ ಮೋಸ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ನಾನು ಟೀಚರಿಗೆ ಅಂಕಿ ಹೇಳಿದೆ. ಅವರು ಒಂದೇ ಕೇಳಿದರು: ಯಾರ್ಯಾರು ಹೋದರು?

ಎರಡರಿಂದ ಎಂಟರವರೆಗಿನ ಫೋಲ್ಡರುಗಳನ್ನು ಇನ್ನೂ ತೆರೆದು ನೋಡಿರಲಿಲ್ಲ; ಆ ಪ್ರಶ್ನೆಗೆ ಖಾತ್ರಿಯ ಉತ್ತರ ಕೊಡಲು ನನಗೆ ಒಂದು ವಿಷಯ ತಿಳಿಯಬೇಕಿತ್ತು. ಹೊಸ ಡಿಸ್ಕಿಗೆ ಕಡತಗಳನ್ನು ಹಾಕುವಾಗ ಅವು ಸಾಮಾನ್ಯವಾಗಿ ಹಾಕಿದ ಕ್ರಮದಲ್ಲೇ ಒಂದರ ಬೆನ್ನಿಗೊಂದು ಕೂಡುತ್ತವೆ. ಮೊದಲು ಹಾಕಿದ್ದು ಎಲ್ಲೆಯ ಈಚೆ, ಆಮೇಲೆ ಹಾಕಿದ್ದು ಆಚೆ. ಎಲ್ಲರೂ ಹಾಕುವುದು ತಾರೀಖಿನ ಪ್ರಕಾರ. ಫೋನೇ ಹಾಗೆ ಜೋಡಿಸಿ ಕೊಡುತ್ತದೆ. ನೀವು ಯಾವ ಕ್ರಮದಲ್ಲಿ ಹಾಕಿದಿರಿ ಎಂದು ಕೇಳಿದೆ. ಅವರು ತಪ್ಪು ಮಾಡಿದವರ ಹಾಗೆ ಮುಖ ಸಣ್ಣ ಮಾಡಿದರು.

"ತಾರೀಖಿನ ಪ್ರಕಾರ ಹಾಕಬೇಕಿತ್ತೇನ್ರಿ? ನಾನು ವಯಸ್ಸಿನ ಪ್ರಕಾರ ಹಾಕೀನಿ. ನಮ್ಮ ಓಣ್ಯಾಗ ಹಿರೇರು ಬಾಯಿ ತೆಗೆಯೋತನಕ ಕಿರೇರು ಹಾಡು ಹಚ್ಚಂಗಿಲ್ರಿ. ಅತ್ತಿಯವರನ್ನ ಬಿಟ್ಟು ಬ್ಯಾರೇದವರದು ಮೊದಲು ಹ್ಯಾಂಗ ಹಾಕ್ಲಿ?"

ಸೋನಾಬಾಯಿಯದು ಯಾವಾಗ ರೆಕಾರ್ಡ್ ಮಾಡಿದ್ದು ಎಂದೆ. ಎಲ್ಲರಿಗಿಂತ ಕೊನೆಗೆ, ಎಂದರು ಸುಜಾತಾ. ಫೋನಿನ ಮುಂದೆ ಹಾಡುವುದಿಲ್ಲ ಎಂದು ಅತ್ತೆ ನಾಲ್ಕು ವರ್ಷ ಹಟ ಹಿಡಿದಿದ್ದರಂತೆ. ಆಪರೇಶನ್ನಿಗೆ ದಿನ ಗೊತ್ತಾದ ಮೇಲೆ ತಾವೇ ಬೀಸುಕಲ್ಲು ತೊಳೆಸಿ, ಕೂತು, ಈಗ ಹಿಡಿ ನಿನ್ನ ಫೋನು ಎಂದಿದ್ದರಂತೆ.

ನಾನು ಕುರ್ಚಿಗೆ ಒರಗಿದೆ. ತಾರೀಖಿನ ಪ್ರಕಾರ ಹಾಕಿದ್ದರೆ ಸೋನಾಬಾಯಿ ಎಲ್ಲೆಯಾಚೆಗೆ ಬೀಳುತ್ತಿದ್ದರು, ಆ ದನಿ ಯಾರಿಗೂ ಮತ್ತೆ ಸಿಗುತ್ತಿರಲಿಲ್ಲ. ವಯಸ್ಸಿನ ಪ್ರಕಾರ ಹಾಕಿದ್ದಕ್ಕೆ ಹಿರಿಯರೆಲ್ಲ ಈಚೆ ಇದ್ದರು. ಹೋದವರು ಕಿರಿಯರು. ಕಿರಿಯರು ಓಣಿಯಲ್ಲೇ ಇದ್ದಾರೆ, ರೊಟ್ಟಿ ಬಡಿಯುತ್ತ, ಶಾಲೆಗೆ ಮಕ್ಕಳನ್ನು ಕಳಿಸುತ್ತ. ಮತ್ತೆ ಹಾಡಬಲ್ಲರು. ಇದನ್ನು ಹೇಳಿದಾಗ ಟೀಚರಿಗೆ ಅಳು ಬಂತು, ನನಗೂ ಕಣ್ಣು ತುಂಬಿತು. ಇಬ್ಬರೂ ಸೆರಗಿನಿಂದ ಒರೆಸಿಕೊಂಡೆವು, ಆಮೇಲೆ ಚಹಾ ತರಿಸಿದೆ. ಎಲ್ಲೆಯ ಈಚೆಗಿದ್ದುದನ್ನೆಲ್ಲ ನನ್ನ ಡಿಸ್ಕಿಗೆ ಇಳಿಸಿಕೊಳ್ಳಲು ಒಂದು ತಾಸು ಹಿಡಿಯಿತು. ಎಂಟು ಹೆಂಗಸರು ಪೂರಾ ಬಂದರು, ಒಂಬತ್ತನೆಯವರ ಎರಡು ಹಾಡು.

ಪೂರ್ತಿ ಖುಷಿಯ ಕಥೆ ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತನೆಯ ಫೋಲ್ಡರಿನ ಶಾಂತಾಬಾಯಿ ವಯಸ್ಸಿನಲ್ಲಿ ಕಿರಿಯರಾದರೂ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರ ನಾಲ್ಕು ಹಾಡೂ ಆಚೆಗೆ ಬಿದ್ದಿದ್ದವು. ಫೋನಿನಿಂದ ಮತ್ತೆ ತೆಗೆಯಬಹುದೇ ಎಂದು ಸುಜಾತಾ ಕೇಳಿದರು. ಈಗಿನ ಫೋನುಗಳಲ್ಲಿ ಪೂರ್ತಿ ಅಳಿಸಿದ್ದು ಮತ್ತೆ ಸಿಗುವುದಿಲ್ಲ ಎಂದು ನೇರವಾಗಿ ಹೇಳಿದೆ. ಇಂಥಲ್ಲಿ ಸುಳ್ಳು ಆಸೆ ಹುಟ್ಟಿಸುವುದು ನನಗೆ ಸೇರದು. ಶಾಲೆಯ ಕಂಪ್ಯೂಟರನ್ನೂ ತರಿಸಿ ನೋಡಿದೆ. ಹಾಡುಗಳಿದ್ದ ಜಾಗದ ಮೇಲೆ ಆಗಲೇ ಬೇರೆ ಕಡತಗಳನ್ನು ಬರೆದಾಗಿತ್ತು, ಹಾಡಿನ ಚೂರೂ ಸಿಗಲಿಲ್ಲ. ಆಗ ಅವರಿಗೆ ನೆನಪಾಯಿತು: ಶಾಂತಾಬಾಯಿಯ ಅಕ್ಕನ ಮಗಳು ಮೀರಾ ಭಾಲ್ಕಿಯಲ್ಲಿ ನರ್ಸ್ ಆಗಿದ್ದಾಳೆ, ಅವಳಿಗೆ ಒಂದು ಹಾಡು ವಾಟ್ಸಾಪಿನಲ್ಲಿ ಕಳಿಸಿದ್ದೆ ಎಂದರು.

ಫೋನ್ ಮಾಡಿದರೆ ಮೀರಾ, ಆ ಹಾಡು ಹಳೇ ಫೋನಿನಲ್ಲಿದೆ, ಅದರ ಗ್ಲಾಸ್ ಒಡೆದು ಪರದೆ ಕಪ್ಪಾಗಿದೆ ಎಂದಳು. ನಾನು ಅಂಗಡಿ ಮುಚ್ಚಿ, ಸುಜಾತಾರ ಜೊತೆ ಬಸ್ಸಿನಲ್ಲಿ ಭಾಲ್ಕಿಗೆ ಹೋದೆ. ಅಂಗಡಿ ಮುಚ್ಚಿದ್ದಕ್ಕೆ ಪಕ್ಕದ ಬಟ್ಟೆ ಅಂಗಡಿಯವನು, ಏನು ಮ್ಯಾಡಂ ತೀರ್ಥಯಾತ್ರೆನಾ ಎಂದು ಕಾಡಿದ. ಬೇರೆ ಪರದೆ ಜೋಡಿಸಿ, ಮೀರಾ ತನ್ನ ಗುಪ್ತ ಸಂಖ್ಯೆ ಒತ್ತಿದ ಮೇಲೆ ಹಾಡು ಸಿಕ್ಕಿತು. ಸಣ್ಣ ತುಣುಕು, ಚಿತ್ರ ಮಸುಕು, ದನಿ ಮಾತ್ರ ಸ್ಪಷ್ಟ. ಚಿಕ್ಕಮ್ಮನ ದನಿ ಕೇಳಿ ಮೀರಾ ನಮಗೆ ಕೂಡಲು ಹೇಳುವುದನ್ನೂ ಮರೆತಳು. ಮೂರು ಹಾಡು ಹೋದದ್ದು ಹೋಯಿತು, ಆ ಒಂದು ಹಾಡನ್ನು ನಾವು ತಂದೆವು.

ಅಂಗಡಿಗೆ ಮರಳಿದ ಮೇಲೆ, ಎಲ್ಲ ಹಾಡೂ ನನ್ನ ಅಂಗಡಿಯ ಎರಡು ಬೇರೆ ಬೇರೆ ಡಿಸ್ಕಿಗೆ ಹೋಗಿ ಕೂತಿವೆ ಎಂದು ಖಾತ್ರಿಯಾದ ಮೇಲೆ, ಟೀಚರರ ಒಪ್ಪಿಗೆ ಪಡೆದು ಕಪ್ಪು ಡಬ್ಬಿಯ ಮೇಲೆ ಬರೆಯುವ ಪರೀಕ್ಷೆಯನ್ನೂ ಮಾಡಿದೆ. ಪ್ರತಿ ತುಂಡಿಗೂ ಒಂದೊಂದು ಸಂಖ್ಯೆ ಕೊಟ್ಟು ಬರೆದು, ತಿರುಗಿ ಓದಿದೆ. 58 ಜಿಬಿಯವರೆಗೆ ಸಂಖ್ಯೆಗಳು ಸರಿಯಾಗಿ ಮರಳಿದವು, ಆಚೆ ಒಂದೂ ಬರಲಿಲ್ಲ. ನನ್ನ ಮೊದಲ ಲೆಕ್ಕ ಸರಿ ಇತ್ತು ಎಂದು ಸಮಾಧಾನವಾಯಿತು. ಆಮೇಲೆ ಡಬ್ಬಿ ಬಿಚ್ಚಿದೆವು. ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡು, ಅದನ್ನು ನಡೆಸುವ ಚಿಪ್ಪಿದ್ದ ಒಂದು ಹಸಿರು ಬಿಲ್ಲೆ, ಭಾರ ಬರಲಿ ಎಂದು ಗೋಂದು ಹಾಕಿ ಅಂಟಿಸಿದ ಎರಡು ಕಬ್ಬಿಣದ ನಟ್ಟು. ಮಗ್ಗುಲು ಭಾರ ಯಾಕೆಂದು ಆಗ ತಿಳಿಯಿತು. ಸುಜಾತಾ ನಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಇದನ್ನು ಮಾರಿದವನಿಗೆ ಸೋನಾಬಾಯಿಯ ಕೈಗೆ ಸಿಗುವ ಯೋಗ ಬರಲಿ ಎಂದರು, ಅಷ್ಟೇ. ಆ ಡಬ್ಬಿ ಈಗಲೂ ನನ್ನ ಟೇಬಲ್ ಮೇಲಿದೆ, ಬಂದವರಿಗೆ ಬಿಚ್ಚಿ ತೋರಿಸುತ್ತೇನೆ.

ಮುಂದಿನ ಭಾನುವಾರ ನಾನೇ ಸಂತಪುರಕ್ಕೆ ಹೋದೆ. ಸುಜಾತಾರಿಗೆಂದು ಎರಡು ಹೊಸ ಡಿಸ್ಕುಗಳನ್ನು ಅಂಗಡಿಯಲ್ಲೇ ಅದೇ ಪರೀಕ್ಷೆಗೆ ಕಂಠಮಟ್ಟ ತುಂಬಿ, ಓದಿ, ಮತ್ತೆ ಖಾಲಿ ಮಾಡಿ, ಇದ್ದ ಹಾಡು ಹಾಕಿ ತಂದಿದ್ದೆ. ಸುಜಾತಾರ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಬೀಸುಕಲ್ಲು ಇಟ್ಟಿದ್ದರು. ಓಣಿಯ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಮುಂದೆ, ಕಲ್ಲಿನ ಗೂಟದ ಹತ್ತಿರ ಸೋನಾಬಾಯಿ. ವಿಡಿಯೊದಲ್ಲಿ ಕಂಡದ್ದಕ್ಕಿಂತ ಇನ್ನೂ ಸಣ್ಣಗಾಗಿದ್ದರು. ನನ್ನ ಕೈ ಹಿಡಿದು ಗಲ್ಲಕ್ಕೆ ಒತ್ತಿಕೊಂಡರು.

ನಾನು ಕ್ಯಾಮೆರಾ ನಿಲ್ಲಿಸಿ, ಹೂಂ, ಶುರು ಮಾಡ್ರಿ ಎಂದೆ. ಯಾರೂ ಹಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆ ಇರಬೇಕು ಎಂದು ನಾನು ಇನ್ನೊಮ್ಮೆ ಹೇಳಿದೆ. ಆಗ ಎಲ್ಲರಿಗಿಂತ ಕಿರಿಯಳಾದ ರೇಖಾ, ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ನನ್ನ ಕಿವಿಯ ಹತ್ತಿರ ಬಂದಳು. "ದೊಡ್ಡಾಯಿ ಹಚ್ಚಲಾರದೆ ನಾವು ಹ್ಯಾಂಗ ಹಚ್ಚೋದ್ರಿ ಅಕ್ಕಾ?" ಎಂದಳು. ದೊಡ್ಡಾಯಿ ಎಂದರೆ ಸೋನಾಬಾಯಿ. ದನಿ ಇಲ್ಲದ ಹಿರಿಯಳು ಎದುರಿಗೇ ಕೂತಿರುವಾಗ ಅವಳನ್ನು ದಾಟಿ ಹಾಡುವುದು ಅವರಿಂದಾಗುತ್ತಿರಲಿಲ್ಲ. ಸೋನಾಬಾಯಿ ಕೈ ಬೀಸಿ ಹಾಡ್ರಿ, ಹಾಡ್ರಿ ಎಂದು ಸನ್ನೆ ಮಾಡಿದರು. ಆದರೂ ಯಾರ ಬಾಯಿಯೂ ತೆರೆಯಲಿಲ್ಲ. 

ದಾರಿ ಹುಡುಕಿದ್ದು ಸುಜಾತಾ. ಹೊಸ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಸ್ಪೀಕರ್ ಹಚ್ಚಿ, ಮೊದಲ ಫೋಲ್ಡರಿನ ಮೊದಲ ಹಾಡು ಒತ್ತಿದರು. ಸೋನಾಬಾಯಿಯ ದನಿ ಅಂಗಳ ತುಂಬಿತು. ಸೋನಾಬಾಯಿ ಗೂಟ ಹಿಡಿದು ಕಲ್ಲು ತಿರುಗಿಸತೊಡಗಿದರು, ತುಟಿ ತಮ್ಮದೇ ದನಿಯ ಜೊತೆ ಆಡುತ್ತಿತ್ತು. ಮೊದಲ ನುಡಿ ಮುಗಿಯುತ್ತಲೇ ಎರಡನೆಯ ಅಜ್ಜಿ ಎತ್ತಿಕೊಂಡಳು, ಅವಳ ಹಿಂದೆ ಮೂರನೆಯವಳು. ಹೀಗೆ ಸಾಲಾಗಿ ಇಳಿಯುತ್ತ ಒಂಬತ್ತನೆಯವರವರೆಗೆ ಬಂತು. ಹತ್ತನೆಯವರ ಸರದಿಗೆ ಸುಜಾತಾ ಭಾಲ್ಕಿಯಿಂದ ತಂದ ತುಣುಕು ಹಚ್ಚಿದರು, ಶಾಂತಾಬಾಯಿ ತಮ್ಮ ಜಾಗದಲ್ಲಿ ಹಾಡಿದರು. ನಂತರ ಕಿರಿಯರು. ಮಧ್ಯಾಹ್ನದ ಊಟದ ಹೊತ್ತು ಮೀರಿತು, ಯಾರೂ ಎದ್ದು ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ಹೊಸ ಹಾಡುಗಳನ್ನು ಎರಡೂ ಡಿಸ್ಕಿಗೆ ಹಾಕಿದೆ, ಹಿರಿಯರಿಂದ ಕಿರಿಯರ ಕ್ರಮದಲ್ಲೇ. ಪೂರ್ತಿಯಾಯಿತು ಎಂದು ಕಂಪ್ಯೂಟರ್ ಹೇಳಿತು. ಜೋಳದ ರೊಟ್ಟಿ, ಪುಂಡಿ ಪಲ್ಯ ತಾಟಿಗೆ ಬಂದಿತ್ತು. ಹಸಿದಿದ್ದ ನಾನು ಡಿಸ್ಕು ತೆಗೆದು ಕೊಟ್ಟು ಕೈ ತೊಳೆಯಲು ಎದ್ದೆ. ಸುಜಾತಾ ನನ್ನನ್ನು ತಡೆದರು. ಕಂಪ್ಯೂಟರ್ ತನ್ನ ನೆನಪಿನಿಂದಲ್ಲ, ಡಿಸ್ಕಿನಿಂದಲೇ ಓದಿ ತೋರಿಸಲಿ ಎಂದು ಡಿಸ್ಕುಗಳನ್ನು ಒಮ್ಮೆ ಕಿತ್ತು ಮತ್ತೆ ಜೋಡಿಸಲು ಹೇಳಿದರು. ಆಮೇಲೆ ತಾವೇ ಮೌಸ್ ಹಿಡಿದು ಸೀದಾ ಹದಿನಾಲ್ಕನೆಯ ಫೋಲ್ಡರಿಗೆ ಇಳಿದರು, ಅದರಲ್ಲೂ ಕೊನೆಯ ಹಾಡಿಗೆ.

ಈ ವೃತ್ತಿ ನನಗೆ ಕಲಿಸಿದ ಪಾಠವನ್ನು ಸುಜಾತಾ ಟೀಚರ್ ಆ ದಿನ ನನ್ನ ಮುಂದೆಯೇ ಮಾಡಿ ತೋರಿಸಿದರು. ಡಬ್ಬಿಯ ಮೇಲಿನ ಅಕ್ಷರ, ಕಂಪ್ಯೂಟರ್ ತೋರಿಸುವ ಅಂಕಿ, ಪೂರ್ತಿಯಾಯಿತು ಎನ್ನುವ ಮಾತು, ಇವು ಯಾವುದೂ ಡಿಸ್ಕಿನ ಸಾಮರ್ಥ್ಯವಲ್ಲ. ಕೊನೆಗೆ ಇಟ್ಟದ್ದು ಮರಳಿ ಸಿಕ್ಕಿತೇ ಅನ್ನುವುದೇ ಅದರ ಸಾಮರ್ಥ್ಯ. ಈಗ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೇ: ಇಡುವಾಗ ನಿಮಗೆ ಯಾವುದು ಮುಖ್ಯವೋ ಅದನ್ನು ಮೊದಲು ಇಡಿ, ನೋಡುವಾಗ ಕೊನೆಯದನ್ನು ಮೊದಲು ನೋಡಿ.

ಸ್ಪೀಕರಿನಲ್ಲಿ ರೇಖಾಳ ದನಿ ಬಂತು, ಹಾಡಿನ ತುದಿಯಲ್ಲಿ ಅವಳು ತಪ್ಪಿ ನಕ್ಕ ನಗುವೂ ಬಂತು. ಅಂಗಳದಲ್ಲಿದ್ದವರೆಲ್ಲ ತಾಟು ಬಿಟ್ಟು ಕಿವಿಗೊಟ್ಟರು. ಸೋನಾಬಾಯಿ ಬಾಗಿ, ಆ ಸಣ್ಣ ಹುಡುಗಿಯ ಹಾಡನ್ನು ಕೊನೆಯವರೆಗೆ ಕೇಳಿ, ಇನ್ನೊಮ್ಮೆ ಹಚ್ಚು ಎಂದು ಬೆರಳೆತ್ತಿ ಸನ್ನೆ ಮಾಡಿದರು.

"ನೋಡ್ರಿ ದೊಡ್ಡಾಯಿ," ಎಂದಳು ರೇಖಾ, "ಇವತ್ತು ನಂದೇ ಮೊದಲು ಕೇಳಿದ್ರಿ."